ಕೇಂದ್ರಾಡಳಿತ ಪ್ರದೇಶಗಳು: ಎಡೆದೊರೆ ನಾಡು ಕಲಿಸುವ ಪಾಠ

ತೆರಿಗೆಯನ್ನು ಯಾರು ವಿಧಿಸುತ್ತಾರೆ, ಆ ಹಣವನ್ನು ಎಲ್ಲಿ ವೆಚ್ಚ ಮಾಡಬೇಕೆಂದು ಯಾರು ನಿರ್ಧರಿಸುತ್ತಾರೆ? ವರ್ತಕರಿಗೆ ಆಡಳಿತ ವ್ಯವಸ್ಥೆಯ ಅರ್ಥ ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿದೆ. ಒಕ್ಕೂಟ ವ್ಯವಸ್ಥೆಯಲ್ಲಿ ಈ ಅಧಿಕಾರಗಳು ಕೇಂದ್ರ ಮತ್ತು ರಾಜ್ಯಗಳ ನಡುವೆ ಹಂಚಿಕೆಯಾಗಿರುತ್ತವೆ. ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾತ್ರ ಅಂತಿಮ ಮಾತು ಕೇಂದ್ರದ್ದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು, ಅಂದರೆ ಇಂದಿನ ರಾಯಚೂರು, ಮಾನ್ವಿ, ದೇವದುರ್ಗ, ಮಲ್ಲಟ ಮೊದಲಾದ ಊರುಗಳ ಸೀಮೆ, ದೂರದ ಅಧಿಕಾರಕ್ಕೆ ನೇರವಾಗಿ ಒಳಪಟ್ಟ ಅನುಭವವನ್ನು ಎರಡು ಬಾರಿ ಕಂಡಿದೆ.

ಸೈನ್ಯದ ವೆಚ್ಚಕ್ಕೆ ನಾಡಿನ ಕಂದಾಯ

ಮೊದಲನೆಯದು 1853ರಲ್ಲಿ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ವೆಚ್ಚವನ್ನು ನಿಜಾಮ ಸರ್ಕಾರ ಬಾಕಿ ಉಳಿಸಿಕೊಂಡಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ ಒಪ್ಪಂದದ ಮೂಲಕ ಬೇರಾರ್, ನಳದುರ್ಗ ಮತ್ತು ರಾಯಚೂರು ದೋಆಬ್ ಪ್ರದೇಶಗಳ ಆಡಳಿತವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1860ರ ಒಪ್ಪಂದದಂತೆ ರಾಯಚೂರು ಮತ್ತು ನಳದುರ್ಗಗಳು ನಿಜಾಮನಿಗೆ ಹಿಂದಿರುಗಿದವು; ಬೇರಾರ್ ಬ್ರಿಟಿಷರಲ್ಲಿಯೇ ಉಳಿಯಿತು. ಕೊಟ್ಟಾಗಲೂ ಮರಳಿ ಪಡೆದಾಗಲೂ ಇಲ್ಲಿನ ರೈತರ ಅಥವಾ ವ್ಯಾಪಾರಸ್ಥರ ಅಭಿಪ್ರಾಯ ಕೇಳಿದವರಿಲ್ಲ. ನಾಡು ಕೇವಲ ಸಾಲಕ್ಕೆ ಆಧಾರವಾದ ಆಸ್ತಿಯಾಗಿತ್ತು.

1948ರ ನಂತರ

1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ತರುವಾಯ ಹೈದರಾಬಾದ್ ಸಂಸ್ಥಾನವು ಸೇನಾ ಗವರ್ನರ್ ಜೆ. ಎನ್. ಚೌಧುರಿ ಅವರ ಆಡಳಿತಕ್ಕೊಳಪಟ್ಟಿತು. ಆನಂತರ ಕೇಂದ್ರವು ನೇಮಿಸಿದ ಎಂ. ಕೆ. ವೆಲ್ಲೋಡಿ ಅವರು ಆಡಳಿತ ನಡೆಸಿದರು. 1950ರ ಸಂವಿಧಾನದಲ್ಲಿ ಹೈದರಾಬಾದ್ 'ಬಿ' ವರ್ಗದ ರಾಜ್ಯವಾಯಿತು. ಅಂದಿನ 371ನೇ ವಿಧಿಯು ಈ ವರ್ಗದ ರಾಜ್ಯಗಳ ಮೇಲೆ ರಾಷ್ಟ್ರಪತಿಗಳ ಸಾಮಾನ್ಯ ನಿಯಂತ್ರಣವನ್ನು ವಿಧಿಸಿತ್ತು. ಜಾಗೀರುಗಳ ರದ್ದತಿಯಂತಹ ಮಹತ್ವದ ಸುಧಾರಣೆ 1949ರಲ್ಲಿ, ಈ ಅವಧಿಯಲ್ಲಿಯೇ, ಆಯಿತೆಂಬುದು ಗಮನಾರ್ಹ. ಆದರೆ ಚುನಾಯಿತ ಸರ್ಕಾರಕ್ಕಾಗಿ ಜನರು 1952ರವರೆಗೆ ಕಾಯಬೇಕಾಯಿತು. ನೇರ ಆಡಳಿತದ ಗುಣ ಮತ್ತು ಕೊರತೆಗಳೆರಡೂ ಇದರಿಂದ ಸ್ಪಷ್ಟವಾಗುತ್ತವೆ: ನಿರ್ಣಯ ಶೀಘ್ರವಾಗುತ್ತದೆ, ಉತ್ತರದಾಯಿತ್ವ ದೂರವಾಗುತ್ತದೆ.

ಇದೇ ಕಾಲದಲ್ಲಿ ಕೊಡಗು 'ಸಿ' ವರ್ಗದ ರಾಜ್ಯವಾಗಿ ಕೇಂದ್ರದ ಚೀಫ್ ಕಮಿಷನರ್ ಅಧೀನದಲ್ಲಿತ್ತು. 1952ರಲ್ಲಿ ಅಲ್ಲಿ ವಿಧಾನಸಭೆ ರಚನೆಯಾಗಿ ಸಿ. ಎಂ. ಪೂಣಚ್ಚ ಅವರು ಮುಖ್ಯಮಂತ್ರಿಗಳಾದರು. 1956ರ ನವೆಂಬರ್ 1ರಂದು ಕೊಡಗು, ರಾಯಚೂರು ಎರಡೂ ಮೈಸೂರು ರಾಜ್ಯವನ್ನು ಸೇರಿದವು. ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. ಒಂದೇ ಜಿಲ್ಲೆಯ ಪೇಟೆಗಳ ನಡುವೆ ರಾಜ್ಯದ ಗಡಿ ಬಂದಿತು. ದಕ್ಷಿಣ ಕನ್ನಡಕ್ಕೆ ಸೇರಿದ್ದ ಅಮಿನ್‌ದಿವಿ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋಗಿ, ಇಂದಿನ ಲಕ್ಷದ್ವೀಪದ ಭಾಗವಾದವು.

ಇಂದಿನ ಸ್ಥಿತಿ

1956ರ ಪುನರ್‌ವಿಂಗಡಣೆಯಲ್ಲಿ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಇದ್ದವು. ಅವುಗಳ ಪೈಕಿ ಹಿಮಾಚಲ ಪ್ರದೇಶ 1971ರಲ್ಲಿಯೂ ಮಣಿಪುರ ಮತ್ತು ತ್ರಿಪುರಾ 1972ರಲ್ಲಿಯೂ ಪೂರ್ಣ ರಾಜ್ಯಗಳಾದವು. 1961ರಲ್ಲಿ ಭಾರತಕ್ಕೆ ಸೇರಿದ ಗೋವಾ 1987ರಲ್ಲಿ ರಾಜ್ಯವಾಯಿತು. 2019ರಲ್ಲಿ ಜಮ್ಮು ಮತ್ತು ಕಾಶ್ಮೀರವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿ, ರಾಜ್ಯವಿದ್ದುದು ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು. 2020ರಿಂದ ದೇಶದಲ್ಲಿ 28 ರಾಜ್ಯಗಳು ಮತ್ತು 8 ಕೇಂದ್ರಾಡಳಿತ ಪ್ರದೇಶಗಳಿವೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಈ ವ್ಯತ್ಯಾಸವನ್ನು ವರ್ತಕರು ಗಮನಿಸಬೇಕು. ವಿಧಾನಸಭೆಯುಳ್ಳ ದೆಹಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರಗಳ ಒಳಗಿನ ವಹಿವಾಟಿಗೆ ಕೇಂದ್ರ ತೆರಿಗೆಯೊಡನೆ ರಾಜ್ಯ ತೆರಿಗೆ ಅನ್ವಯಿಸುತ್ತದೆ. ಚಂಡೀಗಢ, ಲಡಾಖ್, ಲಕ್ಷದ್ವೀಪ ಮೊದಲಾದೆಡೆ ರಾಜ್ಯ ತೆರಿಗೆಯ ಬದಲು ಕೇಂದ್ರಾಡಳಿತ ಪ್ರದೇಶ ತೆರಿಗೆ ಇರುತ್ತದೆ. ರಾಯಚೂರಿನಿಂದ ಈ ಯಾವುದೇ ಪ್ರದೇಶಕ್ಕೆ ತೆರಿಗೆಗೊಳಪಟ್ಟ ಸರಕನ್ನು ಮಾರಿದಾಗ ಅದು ಅಂತರರಾಜ್ಯ ಪೂರೈಕೆಯಾಗಿದ್ದು, ಸಂಯೋಜಿತ ತೆರಿಗೆಯನ್ನು ಬಿಲ್ಲಿನಲ್ಲಿ ತೋರಿಸಬೇಕಾಗುತ್ತದೆ.

ಮೂರನೆಯ ಮಾರ್ಗ

ಹಿಂದುಳಿದ ಪ್ರದೇಶವು ರಾಜ್ಯದಿಂದ ಬೇರ್ಪಡದೆಯೇ ವಿಶೇಷ ರಕ್ಷಣೆ ಪಡೆಯಬಹುದೆಂಬುದಕ್ಕೆ ರಾಯಚೂರೇ ನಿದರ್ಶನ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಸ್ಥಳೀಯ ಮೀಸಲಾತಿಯನ್ನೂ ಸಾಧ್ಯವಾಗಿಸಿದೆ. ಒಂದು ಕಾಲದಲ್ಲಿ ಕೇಂದ್ರದ ನಿಯಂತ್ರಣವನ್ನು ಸೂಚಿಸುತ್ತಿದ್ದ 371 ಎಂಬ ಸಂಖ್ಯೆ ಇಂದು ಈ ನಾಡಿನ ಹಕ್ಕಿನ ಗುರುತಾಗಿದೆ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ಅದೇ ವಿಧಿ ಹೇಳುತ್ತದೆ. ಆ ವರದಿಯನ್ನು ಓದಿ, ಮಂಜೂರಾದ ಹಣ ರಸ್ತೆ, ಉಗ್ರಾಣ, ಮಾರುಕಟ್ಟೆಗಳಾಗಿ ಮಲ್ಲಟದಂತಹ ಊರುಗಳನ್ನು ತಲುಪಿತೇ ಎಂದು ವಿಚಾರಿಸುವ ಅವಕಾಶ 1853ರ ಜನರಿಗೆ ಇರಲಿಲ್ಲ. ಇಂದಿನ ವರ್ತಕ ಸಮುದಾಯಕ್ಕೆ ಅದು ಇದೆ. ಅದನ್ನು ಬಳಸಿಕೊಳ್ಳುವುದು ಅದರ ಹೊಣೆ.