ಕೊಟ್ಟಿಗೆಗೆ ಬಂದ ಬೀದಿಬೆಕ್ಕು ನಿಲ್ಲುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಹಿಂಡಿ ಚೀಲ, ಭತ್ತದ ಚೀಲ ಒಂದನ್ನೂ ಇಲಿಗಳು ಉಳಿಸುತ್ತಿಲ್ಲ. ಬೆಂಗಳೂರಿನಲ್ಲಿರುವ ಮಗಳು, ಕೆಡವಲಿರುವ ಹಳೇ ಕಟ್ಟಡದ ಎರಡು ಬೀದಿಬೆಕ್ಕುಗಳಿಗೆ ಆಪರೇಶನ್ ಮಾಡಿಸಿ ತರುತ್ತಾಳಂತೆ. ಹೋದ ವರ್ಷ ಪೇಟೆಯಿಂದ ತಂದ ಬೆಕ್ಕು ಚೀಲದ ಬಾಯಿ ಬಿಚ್ಚಿದ್ದೇ ತಡ, ಓಡಿಹೋಯಿತು. ಈ ಸಲ ಏನು ಮಾಡೋಣ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಅನ್ನ, ನೆರಳು ಇರುವ ಕಡೆಯಿಂದ ಬೀದಿಬೆಕ್ಕನ್ನು ಎಬ್ಬಿಸಬಾರದು ಎನ್ನುವವನು ನಾನು. ಕಟ್ಟಡವೇ ಬೀಳುವುದಾದರೆ ತರಲಿ. ಆದರೆ ಬಂದ ದಿನವೇ ಬಿಡಬೇಡಿ. ಬೆಕ್ಕು ಮೊದಲು ಹೊಂದಿಕೊಳ್ಳುವುದು ಜಾಗಕ್ಕೆ, ಜನರಿಗೆ ಆಮೇಲೆ. ಗುರುತಿಲ್ಲದ ಕಡೆ ಬಿಟ್ಟರೆ ಹಳೇ ಜಾಗ ಹುಡುಕಿಕೊಂಡು ಹೊರಟು ದಾರಿಯಲ್ಲಿ ನಾಯಿಗೋ ಲಾರಿಗೋ ಸಿಗುತ್ತದೆ. ಮೂರರಿಂದ ನಾಲ್ಕು ವಾರ ಕೊಟ್ಟಿಗೆಯೊಳಗೇ ಕೂಡಿಹಾಕಬೇಕು.

ದೊಡ್ಡ ನಾಯಿಬೋನು, ಹಳೇ ಕೋಳಿಗೂಡು, ಜಾಲರಿ ಹೊಡೆದ ಮೂಲೆ, ಯಾವುದಾದರೂ ಆದೀತು. ಬೆಕ್ಕಿನ ತಲೆ ತೂರುವಷ್ಟು ಸಂದಿ ಮಾತ್ರ ಇರಕೂಡದು. ಒಳಗೆ ಒಂದು ಮರದ ಪೆಟ್ಟಿಗೆಗೆ ಗೋಣಿ ಹಾಸಿ, ಬಾಯಿ ಗೋಡೆ ಕಡೆ ತಿರುಗಿಸಿಡಿ. ಬೋನಿನ ಅರ್ಧ ಭಾಗಕ್ಕೆ ಹಳೇ ಸೀರೆ ಹೊದಿಸಿ. ಊಟದಿಂದ ದೂರದ ತುದಿಯಲ್ಲಿ ಬಾಣಲೆ ತುಂಬ ಮರಳಿರಲಿ. ಅವು ಬೆಂಗಳೂರಿನಲ್ಲಿ ಮಲಗುತ್ತಿದ್ದ ಬಟ್ಟೆಯನ್ನು ಮಗಳು ತಂದರೆ ಒಗೆಯದೆ ಹಾಗೇ ಹಾಕಿ.

ಮೊದಮೊದಲು ಹಗಲಿಡೀ ಪೆಟ್ಟಿಗೆ ಬಿಟ್ಟು ಬರುವುದಿಲ್ಲ. ರಾತ್ರಿಯೆಲ್ಲ ಜಾಲರಿ ಕೆರೆಯುತ್ತವೆ. ಪಾಪ ಅನ್ನಿಸಿ ಬಾಗಿಲು ತೆಗೆಯುವವರೇ ಹೆಚ್ಚು. ತೆಗೆಯಬೇಡಿ. ಮುಟ್ಟಲು, ಮುದ್ದು ಮಾಡಲು ಹೋಗುವುದೂ ಬೇಡ. ಪೂರ್ತಿ ಎರಡು ದಿನ ಏನೂ ತಿನ್ನದಿದ್ದರೆ ಮಾತ್ರ ಪಶುವೈದ್ಯರಿಗೆ ತಿಳಿಸಿ. ದಿನವೂ ಹಾಲು ಕರೆಯುವ ಹೊತ್ತಿಗೇ ಊಟ ಇಡಿ, ಇಡುವಾಗ ತಟ್ಟೆಗೆ ಚಮಚ ಬಡಿಯಿರಿ. ಹೊರಗೆ ಬಿಟ್ಟ ಮೇಲೆ ಅವನ್ನು ಕರೆಯಲು ಅದೇ ಸದ್ದು ಬೇಕಾಗುತ್ತದೆ.

ಬಿಡುವ ದಿನ ಬೆಳಗಿನ ಊಟ ತಪ್ಪಿಸಿ. ಸಂಜೆ ಬಾಗಿಲು ತೆರೆದು ಊಟವನ್ನು ಬೋನಿನೊಳಗೇ ಇಡಿ, ನೀವು ಆಚೆ ಹೋಗಿ. ಇನ್ನೂ ಒಂದೆರಡು ವಾರ ಬೋನು ಅಲ್ಲೇ ಇರಲಿ, ಹೆದರಿದಾಗ ಓಡಿ ಬರಲು ಬೇಕು. ಅಡಿಕೆ ಸುಲಿಯುವ ಗದ್ದಲ, ದೀಪಾವಳಿಯ ಪಟಾಕಿ ಎರಡೂ ಮುಗಿದ ಮೇಲೆ ಬಿಟ್ಟರೆ ಒಳ್ಳೆಯದು. ಜೋಡಿ ತರುತ್ತಿರುವುದು ಸರಿಯಾಗಿದೆ. ಒಂಟಿ ಬೆಕ್ಕಿಗಿಂತ ಒಡನಾಡಿ ಇರುವ ಬೆಕ್ಕು ಬೇಗ ನೆಲೆಯೂರುತ್ತದೆ.

ಪ್ರಶ್ನೆ: ಊಟ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ ಎನ್ನುತ್ತಾರೆ ನಮ್ಮತ್ತೆ. ಒಂದು ಲೋಟ ಹಾಲು ಸಾಲದೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಹೊಟ್ಟೆ ತುಂಬಿದ ಬೆಕ್ಕೂ ಇಲಿ ಹಿಡಿಯುತ್ತದೆ, ತಿನ್ನದೆ ಬಿಸಾಕಬಹುದು ಅಷ್ಟೆ. ಹಸಿದದ್ದು ಕೊಟ್ಟಿಗೆ ಬಿಟ್ಟು ಪಕ್ಕದ ಮನೆ ಸೇರುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮೀನು, ಮಾಂಸ ಬೇಕು. ಅವು ಹೊಸಿಲು ದಾಟದ ಮನೆಯಾದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡಿ. ಅತ್ತೆಯವರಿಗೆ ನಾನು ಹೇಳಿದೆನೆಂದು ಹೇಳಬಹುದು.

ಪ್ರಶ್ನೆ: ದನಗಳಿಗೆ ಹೊಡೆಯುವ ಉಣುಗಿನ ಔಷಧವನ್ನು ಕೊಟ್ಟಿಗೆಯ ಬೆಕ್ಕಿಗೂ ಹಚ್ಚಬಹುದೇ? ಅಟ್ಟದಲ್ಲಿ ಇಲಿ ಪಾಷಾಣವೂ ಇದೆ.
– ಹೈನುಗಾರರು, ಸಾಗರ

ಉತ್ತರ: ಬೇಡವೇ ಬೇಡ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಔಷಧಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಜೊಲ್ಲು ಸುರಿದು, ಮೈ ನಡುಗಿ, ಸಾಯಲೂಬಹುದು. ದನಕ್ಕೆ ಹೊಡೆದ ದಿನ ಮೈ ಒಣಗುವವರೆಗೂ ಬೆಕ್ಕನ್ನು ದೂರವಿಡಿ. ಬೆಕ್ಕಿಗೆಂದೇ ಬೇರೆ ಔಷಧ ಇದೆ, ಪಶುವೈದ್ಯರಿಂದ ಬರೆಸಿಕೊಳ್ಳಿ.

ಪಾಷಾಣ ಇನ್ನೂ ಕೆಟ್ಟದ್ದು. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂರಾಡುತ್ತಿರುತ್ತದೆ. ಬೆಕ್ಕಿಗೆ ಮೊದಲು ಸಿಗುವುದೇ ಅದು. ಬೆಕ್ಕು ತರುವ ಮುಂಚೆಯೇ ಪಾಷಾಣ ತೆಗೆದು, ಸತ್ತ ಇಲಿಗಳನ್ನು ಹುಗಿದುಬಿಡಿ. ಆಮೇಲೂ ಬೆಕ್ಕು ಮಂಕಾಗಿ, ವಸಡು ಬಿಳಿಚಿಕೊಂಡರೆ ಅಥವಾ ಮೂಗಿನಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ, ಪಾಷಾಣದ ಪೊಟ್ಟಣ ಸಮೇತ ಪಶು ಆಸ್ಪತ್ರೆಗೆ ಒಯ್ಯಿರಿ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಬೇಗ ಶುರುವಾದರೆ ಬೆಕ್ಕು ಉಳಿಯುವ ಸಾಧ್ಯತೆ ಹೆಚ್ಚು.