ಹೊರಡುವ ಮುನ್ನ

(ಕಾಡು, ಗುಡ್ಡ, ಕಡಲತೀರಗಳಲ್ಲಿ ಕಾಲ್ನಡಿಗೆಯಿಂದ ಸಂಚರಿಸುವುದಕ್ಕೆ ಚಾರಣ ಎನ್ನುತ್ತಾರೆ. ಹಲವು ದಿನಗಳ ಚಾರಣಕ್ಕೆ ಏನೇನು ಸಿದ್ಧತೆ ಬೇಕು ಎಂಬುದನ್ನು ಈ ಪಾಠದಲ್ಲಿ ಹೇಳಲಾಗಿದೆ.)

ಆಷಾಢ ಮಾಸ ಬಂದಿತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ದಿಂಡಿಗಳು ಕಾಣತೊಡಗುತ್ತವೆ. ಸಾಂಗ್ಲಿ, ಮಿರಜ, ಜತ್ತ ಭಾಗದ ಊರುಗಳಿಂದಲೂ ಕರ್ನಾಟಕದ ಗಡಿಯ ಊರುಗಳಿಂದಲೂ ವಾರಕರಿಗಳು ಪಂಢರಪುರಕ್ಕೆ ನಡೆದು ಹೋಗುತ್ತಾರೆ. ಇಷ್ಟು ದೂರದ ದಾರಿಯನ್ನು ವಯಸ್ಸಾದವರೂ ನಡೆಯುತ್ತಾರಲ್ಲ, ಹೇಗೆ? ದಿಂಡಿಯಲ್ಲಿ ಒಬ್ಬರು ಅಡಿಗೆ ನೋಡಿಕೊಳ್ಳುತ್ತಾರೆ. ಒಬ್ಬರು ನೀರು ತರುತ್ತಾರೆ. ರಾತ್ರಿ ಎಲ್ಲಿ ಮಲಗಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಯಾರಾದರೂ ಹಿಂದೆ ಉಳಿದರೆ ಉಳಿದವರು ಕೂಡಲೇ ಹುಡುಕುತ್ತಾರೆ.

ಜನವಸತಿ ಇಲ್ಲದ ದಾರಿಯಲ್ಲಿ ಒಬ್ಬನೇ ನಡೆಯುವವನಿಗೆ ಈ ಅನುಕೂಲವಿಲ್ಲ. ದಿಂಡಿಯಲ್ಲಿ ಹತ್ತು ಜನ ಮಾಡುವ ಕೆಲಸವನ್ನು ಅವನೊಬ್ಬನೇ ಮಾಡಬೇಕು. ಅದರಲ್ಲಿ ಹೆಚ್ಚಿನದನ್ನು ಮನೆಯಲ್ಲಿ ಕುಳಿತು, ಹೊರಡುವ ಮುನ್ನವೇ ಮಾಡಬೇಕು.

ಒಂದು ಉದಾಹರಣೆ ನೋಡೋಣ. ಮಿರಜದ ಒಬ್ಬ ಚಾರಣಿಗ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಿಂದ ಕುಮಟಾದವರೆಗೆ ಕಡಲ ಅಂಚಿನಲ್ಲಿ ನಡೆಯಬೇಕೆಂದಿದ್ದಾನೆ ಎಂದು ತಿಳಿಯಿರಿ. ಮಿರಜ ಜಂಕ್ಷನ್‌ನಿಂದ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದರೆ ಗೋಕರ್ಣ. ಅಲ್ಲಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ್ ಎಂಬ ಕಡಲತೀರಗಳು ಒಂದಾದ ಮೇಲೊಂದು ಬರುತ್ತವೆ. ನಡುನಡುವೆ ಗುಡ್ಡಗಳು ಕಡಲಿಗೆ ಚಾಚಿಕೊಂಡಿವೆ. ಮುಂದೆ ತದಡಿಯಲ್ಲಿ ಅಘನಾಶಿನಿ ನದಿಯ ಅಳಿವೆ. ಈ ನದಿಗೆ ಅಣೆಕಟ್ಟು ಇಲ್ಲ. ಇದರ ಅಳಿವೆಯನ್ನು 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಅಳಿವೆಯನ್ನು ದೋಣಿಯಲ್ಲಿ ದಾಟಿದರೆ ಅಘನಾಶಿನಿ ಊರು. ಮುಂದೆ ಮತ್ತೆ ಗುಡ್ಡ, ಮರಳು, ಬಂಡೆ. ಕೊನೆಗೆ ಕುಮಟಾ. ಒಟ್ಟು ದೂರ 25 ಕಿ.ಮೀ. ಆಸುಪಾಸು.

ಮೊದಲನೆಯ ಪ್ರಶ್ನೆ, ಯಾವಾಗ ಹೋಗಬೇಕು? ಜೂನ್‌ದಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ನಮ್ಮ ಕಡೆಗಿಂತ ಹಲವು ಪಟ್ಟು ಮಳೆ ಸುರಿಯುತ್ತದೆ. ಕಡಲು ಕೆರಳಿರುತ್ತದೆ. ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ. ಆದ್ದರಿಂದ ನವೆಂಬರ್‌ದಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು.

ಎರಡನೆಯ ಪ್ರಶ್ನೆ, ಹೋಗಲು ಅನುಮತಿ ಇದೆಯೇ? ನಮ್ಮ ಸಾಂಗ್ಲಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಚಾಂದೋಲಿ ರಾಷ್ಟ್ರೀಯ ಉದ್ಯಾನವಿದೆ. 2010ರಲ್ಲಿ ಅದು ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು. ಅಂಥ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕಡಲತೀರಕ್ಕೂ ನಿಯಮಗಳುಂಟು, ಅವು ಆಗಾಗ ಬದಲಾಗುತ್ತವೆ. ಅಲ್ಲಿನ ಪೊಲೀಸ್ ಠಾಣೆ ಮತ್ತು ಅರಣ್ಯ ಕಚೇರಿಯಲ್ಲಿ ಕೇಳಿಯೇ ದಿನ ಗೊತ್ತುಮಾಡಬೇಕು. ಮರಳಿನ ಮೇಲೆ ಡೇರೆ ಹಾಕುವ ಬದಲು ಊರಿನಲ್ಲಿ ತಂಗುವುದು ಲೇಸು.

ಮೂರನೆಯದು ನಡಿಗೆಯ ಲೆಕ್ಕ. ಸಾಂಗ್ಲಿಯಿಂದ ಮಿರಜಕ್ಕೆ ಸುಮಾರು 10 ಕಿ.ಮೀ. ಸಪಾಟು ರಸ್ತೆಯಲ್ಲಿ ಗಂಟೆಗೆ 4 ಕಿ.ಮೀ. ನಡೆದರೆ ಎರಡೂವರೆ ಗಂಟೆಯಲ್ಲಿ ಮುಟ್ಟಬಹುದು. ಅದೇ 10 ಕಿ.ಮೀ. ಮರಳಿನಲ್ಲಿ, ಏರಿಳಿತದಲ್ಲಿ, ಹೊರೆ ಹೊತ್ತು ನಡೆದರೆ ಐದು ಗಂಟೆ ಬೇಕಾದೀತು. 1892ರಲ್ಲಿ ಸ್ಕಾಟ್‌ಲೆಂಡಿನ ವಿಲಿಯಂ ನೇಸ್ಮಿತ್ ಎಂಬವರು ಒಂದು ಸುಲಭ ಸೂತ್ರ ಹೇಳಿದರು. ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀ. ಏರಿಗೆ ಮತ್ತೊಂದು ಗಂಟೆ. ಇದು ಗಟ್ಟಿಮುಟ್ಟಾದ ನಡಿಗೆಗಾರರ ಲೆಕ್ಕ. ಹೊಸಬರು ಇದಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ ನಕಾಶೆಯಲ್ಲಿ ಎತ್ತರದ ಗೆರೆಗಳು ಇರುತ್ತವೆ. ಆ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಏರು ಕಡಿದು ಎಂದು ತಿಳಿಯಬೇಕು.

ಕಡಲ ದಾರಿಗೆ ಇನ್ನೊಂದು ಲೆಕ್ಕವಿದೆ. ಅದೇ ಉಬ್ಬರ ಮತ್ತು ಇಳಿತ. ಕಡಲ ನೀರು ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಂದು ಬೆಳಿಗ್ಗೆ 10ಕ್ಕೆ ಉಬ್ಬರವಿದ್ದರೆ ನಾಳೆ 10-50ರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ದೊಡ್ಡದು. ಬಂಡೆಗಳ ಬುಡದ ದಾರಿ ಇಳಿತದಲ್ಲಿ ತೆರೆದಿದ್ದು ಉಬ್ಬರದಲ್ಲಿ ಮುಳುಗಿಹೋಗುತ್ತದೆ. ಇದನ್ನು ಅರಿಯದವನು ಎರಡು ಗುಡ್ಡಗಳ ನಡುವೆ ಸಿಕ್ಕಿಬೀಳುತ್ತಾನೆ. ಮೀನುಗಾರರಿಗೆ ಇದು ಬಾಯಿಪಾಠ. ಅವರನ್ನು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಚೀಲ. ಹೊರೆಯು ದೇಹದ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿರಬಾರದು. 60 ಕಿಲೋ ತೂಗುವವನಿಗೆ 12 ಕಿಲೋ. ಅದರಲ್ಲಿ ನೀರೇ 3 ಲೀಟರು, ಅಂದರೆ 3 ಕಿಲೋ. ಎದುರಿಗೆ ಅಷ್ಟು ದೊಡ್ಡ ಕಡಲಿದ್ದರೂ ಅದರ ಒಂದು ಬೊಗಸೆ ನೀರೂ ಕುಡಿಯಲು ಬಾರದು. ಆ ಉಪ್ಪನ್ನು ಹೊರಹಾಕಲು ದೇಹವು ಕುಡಿದುದಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳುತ್ತದೆ. ಊಟಕ್ಕೆ ನಮ್ಮ ಕಡಕ್ ರೊಟ್ಟಿ, ಸೇಂಗಾ ಚಟ್ನಿ, ಪುಠಾಣಿ, ಬೆಲ್ಲ ಬಹಳ ಒಳ್ಳೆಯವು. ಅವು ಹಲವು ದಿನ ಕೆಡುವುದಿಲ್ಲ. ಸಾಂಗ್ಲಿಯ ಭಡಂಗ ಹಗುರ, ಆದರೆ ಚೀಲವನ್ನೆಲ್ಲ ತುಂಬಿಬಿಡುತ್ತದೆ! ಟಾರ್ಚು, ದಿಕ್ಸೂಚಿ, ನಕಾಶೆ, ಔಷಧಿ, ಟೊಪ್ಪಿಗೆ, ಸೀಟಿ ಇವನ್ನು ಮರೆಯಬಾರದು. ಬಿದ್ದವನು ಕೂಗಿ ಕೂಗಿ ದಣಿಯುತ್ತಾನೆ. ಸೀಟಿಯ ಸದ್ದು ದೂರ ಕೇಳುತ್ತದೆ. ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಊದುವುದು. ಇದು ಗುಡ್ಡಗಾಡಿನಲ್ಲಿ ಸಹಾಯ ಕೇಳುವ ಸಂಕೇತ.

ಇಷ್ಟೆಲ್ಲ ಇದ್ದರೂ ಒಂದು ವಸ್ತು ಇಲ್ಲದಿದ್ದರೆ ಸಿದ್ಧತೆ ಅರ್ಧವೇ. ಆ ವಸ್ತು ಚಾರಣಿಗನ ಚೀಲದಲ್ಲಿ ಇರುವುದಿಲ್ಲ. ಅವನ ಮನೆಯಲ್ಲಿರುತ್ತದೆ. ಅದು ಒಂದು ಚೀಟಿ.

“ಮೊದಲನೆಯ ದಿನ: ಬೆಳಿಗ್ಗೆ 7ಕ್ಕೆ ಗೋಕರ್ಣ ಬಿಡುವೆ. 10ರೊಳಗೆ ಓಂ ಕಡಲತೀರ. ಸಂಜೆ 4ರೊಳಗೆ ತದಡಿ. ದೋಣಿ ದಾಟಿ ಅಘನಾಶಿನಿ ಊರಿನಲ್ಲಿ ವಸತಿ. 7ಕ್ಕೆ ಫೋನ್.
ಎರಡನೆಯ ದಿನ: ಬೆಳಿಗ್ಗೆ 7ಕ್ಕೆ ಹೊರಟು ಸಂಜೆ 4ರೊಳಗೆ ಕುಮಟಾ. 7ಕ್ಕೆ ಫೋನ್.
ಮೂರನೆಯ ದಿನ: ಹೆಚ್ಚಿನ ದಿನ. ತಡವಾದರೆ ಮಾತ್ರ.
ರಾತ್ರಿ 9ರವರೆಗೆ ಫೋನ್ ಬರದಿದ್ದರೆ ಗೋಕರ್ಣ, ಕುಮಟಾ ಪೊಲೀಸ್ ಠಾಣೆಗಳಿಗೆ ತಿಳಿಸಿರಿ. ನಂಬರು ಹಿಂಬದಿಯಲ್ಲಿವೆ.”

ಠಾಣೆಯ ನಂಬರು ಏಕೆ? ತುರ್ತು ಕರೆಗೆ 112 ಇದೆಯಲ್ಲ ಎಂದು ನೀವು ಕೇಳಬಹುದು. ಚಾರಣಿಗನು ತಾನಿದ್ದಲ್ಲಿಂದ 112 ಒತ್ತಿದರೆ ಕರ್ನಾಟಕದ ಕೇಂದ್ರಕ್ಕೆ ಕರೆ ಹೋಗುತ್ತದೆ. ಆದರೆ ಮಿರಜದ ಮನೆಯವರು ಒತ್ತಿದರೆ ಅದು ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ. ಸುತ್ತು ದಾರಿಯಾಗಿ ಸಮಯ ಹಾಳಾದೀತು.

ಚೀಟಿ ಏನು ಮಾಡುತ್ತದೆ ನೋಡಿರಿ. ಪ್ಯಾರಡೈಸ್ ಕಡಲತೀರದ ಹತ್ತಿರ ಚಾರಣಿಗನ ಕಾಲು ಉಳುಕಿತು ಎನ್ನೋಣ. ಅಲ್ಲಿಗೆ ಮೋಟಾರು ರಸ್ತೆ ಇಲ್ಲ. ಗುಡ್ಡದ ಮರೆಯಲ್ಲಿ ಫೋನೂ ಹತ್ತಲಿಲ್ಲ. ಚೀಟಿ ಇಲ್ಲದಿದ್ದರೆ ಅವನು ಎಲ್ಲಿದ್ದಾನೆಂದು ಮನೆಯವರಿಗೆ ತಿಳಿಯದು. ಹುಡುಕುವವರು ಇಡೀ ಕರಾವಳಿಯನ್ನು ಜಾಲಾಡಬೇಕು. ಚೀಟಿ ಇದ್ದರೆ ಅದೇ ರಾತ್ರಿ ಓಂ ಕಡಲತೀರ ಮತ್ತು ತದಡಿಯ ನಡುವೆ ಹುಡುಕತೊಡಗುತ್ತಾರೆ. ಒಬ್ಬ ಮನುಷ್ಯನ ಜೀವ ಒಂದು ಹಾಳೆಯ ಮೇಲೆ ನಿಂತಿರುತ್ತದೆ.

ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಸುಮಾರು 85 ಕಿ.ಮೀ. ಉದ್ದದ ಕಡಲತೀರದ ಚಾರಣ ದಾರಿಯಿದೆ. ನಡುವೆ ಊರಿಲ್ಲ, ಅಂಗಡಿಯಿಲ್ಲ, ರಸ್ತೆಯಿಲ್ಲ. ನಡೆಯಲು ಒಂದು ವಾರ ಬೇಕು. ಅಲ್ಲಿ ದಾರಿಯ ತುದಿಗಳಲ್ಲಿ ಒಂದೊಂದು ಪುಸ್ತಕ ಇಟ್ಟಿರುತ್ತಾರೆ. ಚಾರಣಿಗರು ಹೊರಡುವಾಗಲೂ ಮುಟ್ಟಿದಾಗಲೂ ಅದರಲ್ಲಿ ಹೆಸರು ಬರೆಯುತ್ತಾರೆ. ಚೀಟಿಯ ಕೆಲಸವನ್ನೇ ಆ ಪುಸ್ತಕ ಮಾಡುತ್ತದೆ.

ಕೊನೆಯದಾಗಿ, ಎಲ್ಲಿಂದ ಹಿಂದಿರುಗಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು. ನಮ್ಮ ಚಾರಣಿಗನಿಗೆ ಓಂ ಕಡಲತೀರವೇ ಆ ಸ್ಥಳ. ಅಲ್ಲಿಯವರೆಗೆ ಮೋಟಾರು ರಸ್ತೆ ಇದೆ, ಮುಂದಿನ ಎರಡು ತೀರಗಳಿಗೆ ಇಲ್ಲ. 10 ಗಂಟೆಗೆ ಅಲ್ಲಿಗೆ ಮುಟ್ಟದಿದ್ದರೆ, ನೀರು ಕಡಿಮೆಯಾಗಿದ್ದರೆ, ಮೈಯಲ್ಲಿ ಸುಖವಿಲ್ಲದಿದ್ದರೆ ಅಂದಿನ ನಡಿಗೆ ಅಲ್ಲಿಗೇ ಮುಗಿಯಿತು. ಹಿಂದಿರುಗುವುದು ಸೋಲಲ್ಲ. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಮಕ್ಕಳೇ, ನೀವು ಈಗಲೇ ಒಬ್ಬೊಬ್ಬರೇ ಹೊರಡುವಂತಿಲ್ಲ. ಗುರುಗಳ, ಹಿರಿಯರ ಜೊತೆ ಹರಿಪುರದ ಕೃಷ್ಣಾ–ವಾರಣಾ ಸಂಗಮಕ್ಕೋ ಮಿರಜ ತಾಲೂಕಿನ ದಂಡೋಬಾ ಗುಡ್ಡಕ್ಕೋ ನಡೆದು ಹೋಗಿರಿ. ಹೊರಡುವ ಮುನ್ನ ಚೀಟಿ ಬರೆದು ಮನೆಯಲ್ಲಿ ಕೊಡಿರಿ. ಆ ರೂಢಿ ದೊಡ್ಡವರಾದ ಮೇಲೂ ನಿಮ್ಮನ್ನು ಕಾಯುತ್ತದೆ.

ಶಬ್ದಾರ್ಥ

ಅಳಿವೆ – ನದಿಯು ಕಡಲನ್ನು ಸೇರುವ ಸ್ಥಳ
ಉಬ್ಬರ – ಕಡಲ ನೀರು ಏರುವುದು
ಇಳಿತ – ಕಡಲ ನೀರು ಇಳಿಯುವುದು
ಜೌಗು – ಸದಾ ನೀರಿನಿಂದ ಒದ್ದೆಯಾಗಿರುವ ನೆಲ
ಕಡಿದು – ತೀರ ಇಳಿಜಾರಾದ, ಹತ್ತಲು ಕಷ್ಟವಾದ
ಜಾಲಾಡು – ಮೂಲೆ ಮೂಲೆ ಹುಡುಕು

ಸ್ವಾಧ್ಯಾಯ

ಪ್ರ. 1. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
ಅ) ಅಘನಾಶಿನಿ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿದ್ದು ಯಾವ ವರ್ಷ?
ಆ) ಕಡಲ ನೀರನ್ನು ಏಕೆ ಕುಡಿಯಬಾರದು?
ಇ) ಸಹಾಯ ಕೇಳಲು ಸೀಟಿಯನ್ನು ಹೇಗೆ ಊದಬೇಕು?

ಪ್ರ. 2. ಮೂರು–ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
ಅ) ದಿಂಡಿಯಲ್ಲಿ ನಡೆಯುವುದಕ್ಕೂ ಒಬ್ಬನೇ ನಡೆಯುವುದಕ್ಕೂ ಇರುವ ವ್ಯತ್ಯಾಸವೇನು?
ಆ) ಮನೆಯಲ್ಲಿ ಚೀಟಿ ಬರೆದಿಡುವುದರಿಂದ ಏನು ಪ್ರಯೋಜನ?

ಪ್ರ. 3. ಲೆಕ್ಕ ಮಾಡಿರಿ.
ಅ) 45 ಕಿಲೋ ತೂಕದವನು ಹೆಚ್ಚೆಂದರೆ ಎಷ್ಟು ಹೊರೆ ಹೊರಬಹುದು?
ಆ) ನೇಸ್ಮಿತ್ ಸೂತ್ರದಂತೆ 10 ಕಿ.ಮೀ. ದೂರ ಮತ್ತು 300 ಮೀ. ಏರಿಗೆ ಎಷ್ಟು ಸಮಯ ಬೇಕು?

ಉಪಕ್ರಮ : ಶಾಲೆಯ ಸುತ್ತ 1 ಕಿ.ಮೀ. ನಡೆಯಲು ನಿಮಗೆ ಎಷ್ಟು ನಿಮಿಷ ಬೇಕೆಂದು ಗುರುಗಳೊಡನೆ ನೋಡಿರಿ. ಅದರಂತೆ ಒಂದು ದಿನದ ನಡಿಗೆಯ ಚೀಟಿ ತಯಾರಿಸಿರಿ.