'ಬರಲಿ' ಅನ್ನಲು ಬರುತ್ತದಲ್ಲ, ಸಾಕು

ಲಿಯೋಂಗೆ ಓದಲು ಹೊರಟಿದ್ದೀಯ, ಫ್ರೆಂಚ್ ಬಿ1 ಮಟ್ಟಕ್ಕೆ ಬಂದಿದ್ದೀಯ, ಸಂತೋಷ. ಈಗ ತರಗತಿಯಲ್ಲಿ ಸುಬ್‌ಜೊಂಕ್ತಿಫ್ ಎಂಬ ಕ್ರಿಯಾರೂಪ ಶುರುವಾಗಿರುತ್ತದೆ. ಯಾವ ಯಾವ ಮಾತಿನ ಮುಂದೆ ಅದು ಬರುತ್ತದೆ ಎಂದು ಉದ್ದನೆಯ ಪಟ್ಟಿ ಕೊಟ್ಟು ಬಾಯಿಪಾಠ ಮಾಡು ಅಂದಿರುತ್ತಾರೆ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಮಗೂ, ಇದನ್ನು ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳಲು ಹೋಗಬೇಡ. ಅಲ್ಲಿ ಈ ರೂಪ ಸವೆದು ಹೆಚ್ಚುಕಡಿಮೆ ಮಾಯವಾಗಿದೆ. ಕನ್ನಡದಲ್ಲಿ ದಿನಬೆಳಗಾದರೆ ಆಡುತ್ತೇವೆ.

'ಅವನು ಬರುತ್ತಾನೆ' ಅಂದರೆ ಸುದ್ದಿ. 'ಬರಲಿ' ಅಂದರೆ ನಿನ್ನ ಮನಸ್ಸು. 'ಬಂದಾನು' ಅಂದರೆ ಊಹೆ. ಹೈಸ್ಕೂಲಿನಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಎಂದು ಓದಿ ಪರೀಕ್ಷೆ ಮುಗಿದ ಮರುದಿನ ಮರೆತೆಯಲ್ಲ, ಅವೇ. ಫ್ರೆಂಚರು ಈ ಎರಡೂ ಕೆಲಸವನ್ನು ಒಂದೇ ರೂಪದ ಕೈಯಲ್ಲಿ ಮಾಡಿಸುತ್ತಾರೆ. 'ಜ ವ ಕಿಲ್ ವಿಯೆನ್' ಅಂದರೆ ಅವನು ಬರಲಿ ಅಂತ ನನ್ನ ಇಷ್ಟ. 'ಇಲ್ ಎ ಪೊಸಿಬ್ಲ್ ಕಿಲ್ ವಿಯೆನ್' ಅಂದರೆ ಅವನು ಬಂದಾನು. 'ವಿವ್ ಲಾ ಫ್ರಾನ್ಸ್' ಎಂಬ ಘೋಷಣೆಯ 'ವಿವ್' ಕೂಡ ಇದೇ ರೂಪ: ಬಾಳಲಿ. 1967ರ ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗೋಲ್ ಮಾಂಟ್ರಿಯಲ್‌ನಲ್ಲಿ 'ವಿವ್ ಲ ಕೆಬೆಕ್ ಲಿಬ್ರ್' ಎಂದರು. ಸ್ವತಂತ್ರ ಕೆಬೆಕ್ ಇದೆ ಎಂದು ಅವರೇನೂ ಹೇಳಲಿಲ್ಲ, ಬಾಳಲಿ ಅಂದರು. ಅಷ್ಟಕ್ಕೇ ಕೆನಡಾ ಸರ್ಕಾರ ಸಿಡಿದೆದ್ದು, ಅವರು ರಾಜಧಾನಿ ಒಟ್ಟಾವಾಕ್ಕೆ ಹೋಗದೆಯೇ ಊರಿಗೆ ಮರಳಿದರು.

ರೂಪ ಕಟ್ಟುವುದನ್ನು ಪುಸ್ತಕಕ್ಕಿಂತ ಕಿವಿಯಿಂದ ಕಲಿ. 'ಅವರು ಬರುತ್ತಾರೆ' ಎಂಬುದಕ್ಕೆ 'ಇಲ್ ವಿಯೆನ್'. ಬರಹದಲ್ಲಿ ಅದರ ಕೊನೆಗೆ ಇರುವ ಮೂರು ಅಕ್ಷರಗಳನ್ನು ಯಾರೂ ಉಚ್ಚರಿಸುವುದಿಲ್ಲ. ಆ ಉಚ್ಚಾರವೇ ಸುಬ್‌ಜೊಂಕ್ತಿಫ್. ನಾನು, ನೀನು, ಅವನು, ಅವರು ಎಲ್ಲಕ್ಕೂ ವಿಯೆನ್. ಕುಡಿಯುವುದಕ್ಕೆ ಬ್ವಾವ್, ಹೇಳುವುದಕ್ಕೆ ದೀಜ್, ಮುಗಿಸುವುದಕ್ಕೆ ಫಿನಿಸ್, ಎಲ್ಲವೂ ಹೀಗೇ ಸಿಗುತ್ತವೆ. ನಾವು, ನೀವು ಬಂದಾಗ ಮಾತ್ರ ನಡುವೆ ಒಂದು 'ಇ' ನುಸುಳುತ್ತದೆ: ಪರ್ಲೋಂ ಹೋಗಿ ಪರ್ಲಿಯೋಂ. ಮಾತು ಕೇಳದವು ಕೆಲವೇ. ಎತ್ರ್, ಅವ್ವಾರ್, ಅಲೇ, ಫೇರ್, ಸವ್ವಾರ್, ಪುವ್ವಾರ್, ವುಲ್ವಾರ್. ಇವನ್ನು ಮಾತ್ರ ಉರು ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ದಿನದ ಮಾತಿಗೆ 'ಇಲ್ ಫೋ ಕ' ಹಿಡಿದುಕೋ. 'ಇಲ್ ಫೋ ಕ ಜಾಯ್' ಅಂದರೆ ನಾನು ಹೋಗಬೇಕು. ನಮ್ಮ 'ಬೇಕು' ಎಷ್ಟು ಸಲ ಬಾಯಿಗೆ ಬರುತ್ತದೋ ಅಷ್ಟು ಸಲ ಇದೂ ಬರುತ್ತದೆ.

ಇನ್ನು ಕನ್ನಡ ನಿನ್ನನ್ನು ದಾರಿ ತಪ್ಪಿಸುವ ಜಾಗಗಳು. 'ಅವನು ಬರಲಿ ಎಂದು ಆಶಿಸುತ್ತೇನೆ' ಅನ್ನುತ್ತೇವೆ. ಫ್ರೆಂಚಿನಲ್ಲಿ ಆಶಿಸುವುದಕ್ಕಿರುವ 'ಎಸ್ಪೆರೇ' ಸುಬ್‌ಜೊಂಕ್ತಿಫ್ ಕೇಳುವುದಿಲ್ಲ. 'ಜೆಸ್ಪೇರ್ ಕಿಲ್ ವಿಯೆಂದ್ರಾ' ಎಂದು ಸಾದಾ ಭವಿಷ್ಯತ್ಕಾಲವೇ ಸರಿ. ಹಾರೈಸುವ 'ಸ್ವೆತೇ' ಬಂದರೆ ಮಾತ್ರ ಸುಬ್‌ಜೊಂಕ್ತಿಫ್. ಕಾರಣ ಕೇಳಿದರೆ ವ್ಯಾಕರಣದವರು ಏನಾದರೊಂದು ಹೇಳುತ್ತಾರೆ. ನನಗೆ ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. 'ಬಿಯೆಂ ಕ' ಇನ್ನೂ ವಿಚಿತ್ರ. 'ಅವನಿಗೆ ಕಾಯಿಲೆಯಿದ್ದರೂ' ಅನ್ನುವಾಗ ಕಾಯಿಲೆ ಇರುವುದು ಖಚಿತ, ಊಹೆಯ ಸುಳಿವೇ ಇಲ್ಲ. ಆದರೂ 'ಬಿಯೆಂ ಕಿಲ್ ಸ್ವಾ ಮಲಾದ್' ಎಂದೇ ಅನ್ನಬೇಕು. ಇಲ್ಲಿ ತರ್ಕ ಮಾಡಬೇಡ, ಒಪ್ಪಿಕೊಂಡು ಮುಂದೆ ಹೋಗು.

ಬಯಕೆಯ ಮಾತಿನಲ್ಲಿ ಇಬ್ಬರು ಇದ್ದಾಗಲೇ ಈ ರೂಪಕ್ಕೆ ಕೆಲಸ ಎಂಬುದನ್ನೂ ನೆನಪಿಡು. ಬಯಸುವವಳೂ ನೀನೇ, ಹೊರಡುವವಳೂ ನೀನೇ ಆದರೆ 'ಜ ವ ಪರ್ತೀರ್' ಅಂದರೆ ಮುಗಿಯಿತು.

ಲಿಯೋಂನಲ್ಲಿ ಮನೆ ಹುಡುಕುವಾಗ ಇದರ ರುಚಿ ತಿಳಿಯುತ್ತದೆ. ಬಾಲ್ಕನಿ ಇರುವ ಮನೆ ಹುಡುಕುತ್ತಿದ್ದೇನೆ ಎನ್ನಲು 'ಕಿ ಎ ಅಂ ಬಾಲ್ಕೋಂ' ಅಂದರೆ ಬಾಲ್ಕನಿ ಇರುವಂಥದ್ದು ಯಾವುದಾದರೂ ಸರಿ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. 'ಕಿ ಆ ಅಂ ಬಾಲ್ಕೋಂ' ಅಂದೆಯೋ, ನಿನ್ನ ತಲೆಯಲ್ಲಿ ಒಂದು ನಿರ್ದಿಷ್ಟ ಮನೆಯಿದೆ ಎಂದು ದಲ್ಲಾಳಿ ತಿಳಿಯುತ್ತಾನೆ. ನಡುವಿನ ವ್ಯತ್ಯಾಸ ಒಂದೇ ಒಂದು ಸ್ವರ.

'ಅವಾಂ ಕ', ಅಂದರೆ ಮುಂಚೆ, ಇದರ ಜೊತೆ ಸುಬ್‌ಜೊಂಕ್ತಿಫ್, ಏಕೆಂದರೆ ಸಂಗತಿ ಇನ್ನೂ ನಡೆದಿಲ್ಲ. 'ಅಪ್ರೆ ಕ', ಅಂದರೆ ಆದಮೇಲೆ, ಇದರ ಜೊತೆ ಬೇಡ, ನಡೆದುಹೋಗಿದೆ. ಲೆಕ್ಕ ಸರಿಯಾಗಿದೆ. ಆದರೆ ಎಷ್ಟೋ ಜನ ಫ್ರೆಂಚರೇ 'ಅಪ್ರೆ ಕ' ಮುಂದೆಯೂ ಸುಬ್‌ಜೊಂಕ್ತಿಫ್ ಆಡುವುದು ಕಿವಿಗೆ ಬೀಳುತ್ತದೆ. ಪರೀಕ್ಷೆಯಲ್ಲಿ ನಿಯಮದಂತೆ ಬರೆ, ಅವರನ್ನು ತಿದ್ದಲು ಹೋಗಬೇಡ. ಹಳೆಯ ಕಾದಂಬರಿಗಳಲ್ಲಿ ಇದೇ ರೂಪದ ಭೂತಕಾಲವೊಂದು ಎದುರಾಗುತ್ತದೆ, ನೆತ್ತಿಯ ಮೇಲೆ ಟೋಪಿ ಚಿಹ್ನೆ ಹೊತ್ತ ಸ್ವರಗಳ ಸಮೇತ. ಓದುವಾಗ ಗುರುತು ಹಿಡಿದರೆ ಸಾಕು. ಬೇಕರಿಯಲ್ಲಿ ಆಡಿದರೆ ಅಂಗಡಿಯಾಕೆ ನಕ್ಕುಬಿಟ್ಟಾಳು.